ಅವರೆ ಹಗಲನ್ನು ನೋಡುತ್ತೆ, ರಾಗಿ ಮಳೆಯನ್ನು ನೋಡುತ್ತೆ: ನಮ್ಮ ಬಯಲುಸೀಮೆಯ ಕಾಲಗಳ ಬಗ್ಗೆ

ಮುಳಬಾಗಿಲು ರೈತ:
ಎಲ್ಲರಿಗೂ ನಮಸ್ಕಾರ. "ಕಾಲ ಕೆಟ್ಟುಹೋಯ್ತು" ಅನ್ನೋ ಮಾತು ಈಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನನಗೆ ಆ ಮಾತು ಸಾಲದು ಅನ್ನಿಸುತ್ತೆ. ಕಾಲದಲ್ಲಿ ಏನು ಕೆಟ್ಟಿದೆ, ಏನು ಕೆಟ್ಟಿಲ್ಲ ಅಂತ ಬಿಡಿಸಿ ನೋಡಬೇಕು. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೇನೆ.

ನಮ್ಮ ಹೊಲದ ಉದಾಹರಣೆಯನ್ನೇ ತಗೊಳ್ಳಿ. ರಾಗಿ ಮಧ್ಯೆ ಅಕ್ಕಡಿ ಸಾಲಿನಲ್ಲಿ, ಅಂದ್ರೆ ನಡುನಡುವೆ ಬಿಡುವ ಮಿಶ್ರಬೆಳೆ ಸಾಲಿನಲ್ಲಿ, ನಾಟಿ ಅವರೆ ಹಾಕುತ್ತೇವೆ. ಎರಡೂ ಒಂದೇ ದಿನ ಮಣ್ಣಿಗೆ ಬೀಳುತ್ತವೆ. ಆದರೆ ಎರಡರ ನಡೆ ಬೇರೆ. ರಾಗಿ ಬಿತ್ತಿದ ದಿನದಿಂದ ಲೆಕ್ಕ ಹಿಡಿಯುತ್ತೆ. ಜಿಪಿಯು-28 ತಳಿಯಾದರೆ ನೂರಾಹತ್ತು ದಿನ ಚಿಲ್ಲರೆ. ತಡವಾಗಿ ಬಿತ್ತಿದರೆ ಕೊಯ್ಲೂ ತಡ. ಅವರೆ ಹಾಗಲ್ಲ. ಜುಲೈ ಮೊದಲಲ್ಲಿ ಹಾಕಿ, ಆಗಸ್ಟ್ ನಡುವಲ್ಲಿ ಹಾಕಿ, ಹೂವಿಗೆ ಬರೋದು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ದೀಪಾವಳಿ ಆಸುಪಾಸು, ನವೆಂಬರ್ ಒಳಗೆ. ಯಾಕಂದ್ರೆ ನಾಟಿ ಅವರೆ ಕಾಯೋದು ಹಗಲು ಚಿಕ್ಕದಾಗೋದನ್ನ, ರಾತ್ರಿ ಉದ್ದವಾಗೋದನ್ನ.

ಈಗ ಮಳೆ ಒಂದು ತಿಂಗಳು ತಡವಾಯ್ತು ಅಂತಿಟ್ಟುಕೊಳ್ಳಿ. ಬಿತ್ತನೆ ತಡ. ಆದರೆ ಹಗಲು ಚಿಕ್ಕದಾಗೋದು ಒಂದು ದಿನವೂ ತಡವಾಗಲ್ಲ. ಬಳ್ಳಿ ಇನ್ನೂ ಗೇಣುದ್ದ ಇರುವಾಗಲೇ ಹೂ ಬಿಡುವ ಹೊತ್ತು ಬಂದುಬಿಡುತ್ತೆ. ಕಾಯಿ ಹಿಡಿಯೋಕೆ ಬಳ್ಳಿಯಲ್ಲಿ ಜಾಗವೇ ಇರಲ್ಲ.

ಅಂದ್ರೆ ಕೆಟ್ಟಿರೋದು ಎಲ್ಲವೂ ಅಲ್ಲ. ಮಳೆ ಜರುಗಿದೆ, ಹಗಲು ಜರುಗಿಲ್ಲ. ಇವೆರಡರ ನಂಟಿನ ಮೇಲೆ ನಮ್ಮ ಬೇಸಾಯ ನಿಂತಿತ್ತು. ಆ ನಂಟು ಸಡಿಲ ಆಗಿರೋದೇ ನಮ್ಮ ಕಷ್ಟ ಅಂತ ನನ್ನ ಅನಿಸಿಕೆ. ನಿಮ್ಮ ಕಡೆ ಏನು ಕಾಣ್ತಿದ್ದೀರಿ? ಬರೀ ಬೆಳೆ ಅಲ್ಲ, ಹಕ್ಕಿ, ಮರ, ಊಟ, ಕೂಲಿ ಕೆಲಸ, ಏನಾದರೂ ಬರೆಯಿರಿ.

ಶ್ರೀನಿವಾಸಪುರ ತೋಪು:
ಅಣ್ಣ, ಒಳ್ಳೆ ವಿಷಯ ಎತ್ತಿದ್ದೀರ. ಮಾವು ನೋಡೋದು ಮೂರನೇ ವಸ್ತುವನ್ನ. ಅದು ಚಳಿ. ಬರೀ ಚಳಿ ಅಲ್ಲ, ಒಣಚಳಿ.

ಅಕ್ಟೋಬರ್ ಕೊನೆಗೆ ಮಳೆ ನಿಲ್ಲಬೇಕು. ನೆಲ ಒಣಗಬೇಕು. ಮರ ಚಿಗುರೋದು ಬಿಟ್ಟು ಸುಮ್ಮನೆ ನಿಲ್ಲಬೇಕು. ಆಮೇಲೆ ರಾತ್ರಿ ಚಳಿ 15 ಡಿಗ್ರಿ ಹತ್ತಿರಕ್ಕೆ ಇಳಿದು ಕೆಲವು ವಾರ ಹಾಗೇ ಇದ್ದರೆ ಕೊಂಬೆ ತುದಿಯಲ್ಲಿ ಹೂಮೊಗ್ಗು ಕಟ್ಟುತ್ತೆ. ಡಿಸೆಂಬರ್, ಜನವರಿಯಲ್ಲಿ ತೋಪು ತುಂಬಾ ಹೂವು. ನವೆಂಬರಿನಲ್ಲೂ ಮಳೆ ಹಿಡಿದರೆ ಅದೇ ತುದಿಯಲ್ಲಿ ಕೆಂಪು ಚಿಗುರು ಬರುತ್ತೆ. ನೋಡೋಕೆ ಚೆಂದ, ಆದರೆ ಆ ವರ್ಷದ ಹಣ್ಣು ಹೋಯ್ತು ಅಂತಲೇ ಲೆಕ್ಕ.

2021ರ ನವೆಂಬರ್ ಯಾರಿಗೂ ಮರೆತಿರಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆರೆಗಳು ಕೋಡಿ ಬಿದ್ದವು, ಜನ ಕುಣಿದಾಡಿದರು. ಅದೇ ಮಳೆಗೆ ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ನಮ್ಮ ತೋಪಿನಲ್ಲಿ ಹೂವು ತಡವಾಗಿ, ಅದೂ ಬಿಡಿಬಿಡಿಯಾಗಿ ಬಂತು. ಒಂದೇ ಮರದಲ್ಲಿ ಒಂದು ಕಡೆ ಹೂವು, ಒಂದು ಕಡೆ ಪಿಂದೆ (ಎಳೆಗಾಯಿ), ಇನ್ನೊಂದು ಕಡೆ ಚಿಗುರು. ಔಷಧಿ ಯಾವಾಗ ಹೊಡೆಯೋದು ಹೇಳಿ? ಹೂವಿಗೆ ಜಿಗಿಹುಳುವಿನ ಕಾಟ, ಮೋಡ ಮುಚ್ಚಿದರೆ ಬೂದಿರೋಗ. ಎಲ್ಲ ಒಂದೇ ಸಲ ಹೂ ಬಿಟ್ಟರೆ ಒಂದು ಸುತ್ತು ಹೊಡೆದು ಮುಗಿಸಬಹುದು.

ಇನ್ನೊಂದು ವಿಷಯ. ನಮ್ಮಲ್ಲಿ ವ್ಯಾಪಾರಿಗಳು ಹೂವು ನೋಡಿಯೇ ತೋಪು ಗುತ್ತಿಗೆಗೆ ಹಿಡಿಯುತ್ತಾರೆ. ಹಾಗಾಗಿ ಚಳಿ ಕೈಕೊಟ್ಟ ವರ್ಷ ಬೆಳೆ ಬರೋಕೆ ಐದಾರು ತಿಂಗಳು ಮುಂಚೆಯೇ ಮನೆಯ ದುಡ್ಡು ಕಡಿಮೆಯಾಗುತ್ತೆ. ಮಕ್ಕಳ ಕಾಲೇಜು ಫೀಸು, ಮದುವೆ, ಎಲ್ಲ ಜನವರಿಯ ಹೂವಿನ ಮೇಲೆ ತೀರ್ಮಾನ ಆಗುತ್ತೆ.

ಚಿಂತಾಮಣಿಯವ, ಈಗ ಬೆಂಗಳೂರು:
ಒಂದು ಪ್ರಶ್ನೆ. ಈಗ ಅವರೆಕಾಯಿ ವರ್ಷವಿಡೀ ಸಿಗುತ್ತಲ್ವಾ? ಮಾರ್ಕೆಟ್‌ನಲ್ಲಿ ಜೂನ್‌ನಲ್ಲೂ ನೋಡಿದ್ದೇನೆ. ಹಾಗಾದ್ರೆ ಹಗಲಿನ ಲೆಕ್ಕ ಎಲ್ಲಿ ಬಂತು?

ಮುಳಬಾಗಿಲು ರೈತ:
ಅದು ಬೇರೆ ತಳಿ ತಮ್ಮ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4. ಇವು ಹಗಲಿನ ಉದ್ದಕ್ಕೆ ಕಾಯಲ್ಲ. ಯಾವಾಗ ಹಾಕಿದರೂ ಗಿಡ ಬೆಳೆದ ಮೇಲೆ ಹೂ ಬಿಡುತ್ತೆ. ಬಳ್ಳಿ ಹಬ್ಬಲ್ಲ, ಕುಳ್ಳ ಗಿಡ. ನೀರಾವರಿ ಇದ್ದವರಿಗೆ ವರದಾನ, ನಾನು ಅದನ್ನ ಕಡಿಮೆ ಮಾಡಿ ಮಾತಾಡಲ್ಲ. ಆದರೆ ಇಬ್ಬನಿ ಬೀಳುವ ಕಾಲದ ನಾಟಿ ಅವರೆಯ ಸೊಗಡು ಅದಕ್ಕಿಲ್ಲ. ಧನುರ್ಮಾಸದಲ್ಲಿ ಅವರೆ ಬಿಡಿಸಿದರೆ ಕೈಗೆ ಅಂಟುವ ಆ ಜಿಡ್ಡು, ಆ ವಾಸನೆ, ಅದೇ ಸೊಗಡು.

ತುಮಕೂರು ಮೇಷ್ಟ್ರು:
ಹಗಲಿನ ಲೆಕ್ಕ ಬಂದಿದ್ದರಿಂದ ಸ್ವಲ್ಪ ಸೇರಿಸುತ್ತೇನೆ.

ನಾವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಜೂನ್ 21ರ ಹೊತ್ತಿಗೆ ನಮ್ಮ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರ್ 21-22ಕ್ಕೆ ಹನ್ನೊಂದೂಕಾಲು ಗಂಟೆಗೆ ಸ್ವಲ್ಪ ಜಾಸ್ತಿ. ವರ್ಷವಿಡೀ ವ್ಯತ್ಯಾಸ ಬರೀ ಒಂದೂವರೆ ಗಂಟೆ. ನಮಗೆ ಗೊತ್ತೇ ಆಗದಷ್ಟು ನಿಧಾನವಾಗಿ ಇದು ಆಗುತ್ತೆ. ಅವರೆ ಬಳ್ಳಿ, ತೊಗರಿ, ಹುಚ್ಚೆಳ್ಳು ಇಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತವೆ.

ಬಿಸಿಲಿನ ಮಾತೂ ಹೇಳಬೇಕು. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರೋದು ವರ್ಷಕ್ಕೆ ಎರಡು ಸಲ. ಏಪ್ರಿಲ್ 24-25ರ ಸುಮಾರಿಗೆ ಒಂದು, ಆಗಸ್ಟ್ 18ರ ಸುಮಾರಿಗೆ ಇನ್ನೊಂದು. ಆ ದಿನ ನಡುಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಶಾಲೆ ಮಕ್ಕಳಿಗೆ ಇದನ್ನು ತೋರಿಸಿ, ತುಂಬಾ ಖುಷಿಪಡುತ್ತಾರೆ. ನಮ್ಮ ಕಡು ಬೇಸಿಗೆ ಏಪ್ರಿಲ್‌ನಲ್ಲಿ ಬರೋದು ಇದಕ್ಕೇ. ಆಗಸ್ಟ್‌ನಲ್ಲಿ ಮೋಡ ಇರೋದರಿಂದ ಎರಡನೇ ಸಲದ್ದು ಸುಡಲ್ಲ.

ಮಳೆ ವಿಷಯಕ್ಕೆ ಬಂದರೆ, ಮುಂಗಾರು ಗಾಳಿ ತನ್ನ ನೀರನ್ನೆಲ್ಲ ಮಲೆನಾಡಿನಲ್ಲೇ ಸುರಿದುಬಿಡುತ್ತೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ಕೋಲಾರಕ್ಕೆ ಬರೋದು 700ರ ಆಸುಪಾಸು. ಜೂನ್, ಜುಲೈನಲ್ಲಿ ನಮಗೆ ಗಾಳಿ ಜಾಸ್ತಿ, ನೀರು ಕಡಿಮೆ. ನಮ್ಮ ಮಳೆಗೆ ಎರಡು ಏರು. ಮೇ ತಿಂಗಳ ಗುಡುಗು ಮಳೆ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನದು ಎರಡನೆಯದು, ಅದೇ ದೊಡ್ಡದು. ಮೇ ಮಳೆಯಲ್ಲಿ ಉಳುಮೆ, ಜುಲೈ ಹನಿಯಲ್ಲಿ ಬಿತ್ತನೆ, ಸೆಪ್ಟೆಂಬರ್ ಮಳೆಯಲ್ಲಿ ತೆನೆ. ರಾಗಿ ಈ ಸೀಮೆಯ ಅನ್ನ ಆಗಿರೋದು ಈ ಹೊಂದಿಕೆಯಿಂದ. ನಡುವೆ ಒಣಗಿದರೂ ತಡೆದುಕೊಂಡು ಮತ್ತೆ ಏಳುವ ಪೈರು ಅದು.

ಗುಬ್ಬಿ ತಾತನ ಮೊಮ್ಮಗ:
ಮೇಷ್ಟ್ರೇ, ಇದನ್ನೆಲ್ಲ ನಮ್ಮ ಹಿರಿಯರು ಮಳೆ ನಕ್ಷತ್ರದಲ್ಲೇ ಹೇಳಿಟ್ಟಿದ್ದಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆಯೇ ಇದೆ. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತಾರೆ. ಈಗಿನವರು ಮೊಬೈಲ್ ನೋಡಿ ಬಿತ್ತೋದೇ ತಪ್ಪು. ಪಂಚಾಂಗ ನೋಡಿ ಬಿತ್ತಿದರೆ ಇವತ್ತಿಗೂ ಬೆಳೆ ಬರುತ್ತೆ.

ಚಿಂತಾಮಣಿಯವ, ಈಗ ಬೆಂಗಳೂರು:
ಅಲ್ಲ ರೀ, ಪಂಚಾಂಗದಲ್ಲಿ ಮಳೆ ಬರೆದಿದ್ದರೆ 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನ ಬರಪೀಡಿತ ಅಂತ ಯಾಕೆ ಘೋಷಿಸಬೇಕಾಯ್ತು? ಅದೆಲ್ಲ ಹಳೇ ಕಾಲಕ್ಕೆ ಸರಿ.

ತುಮಕೂರು ಮೇಷ್ಟ್ರು:
ಇಬ್ಬರೂ ಸ್ವಲ್ಪ ನಿಲ್ಲಿ. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಉದ್ದ ಬರೆಯುತ್ತೇನೆ.

ನಮ್ಮಲ್ಲಿ ಎರಡು ಲೆಕ್ಕ ಇವೆ. ಹಬ್ಬಗಳಿಗೆ ಚಂದ್ರನ ಲೆಕ್ಕ. ಅದಕ್ಕೇ ಯುಗಾದಿ ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುತ್ತೆ. ಚಂದ್ರನ ವರ್ಷ ಸುಮಾರು 11 ದಿನ ಚಿಕ್ಕದು, ಅಧಿಕಮಾಸ ಸೇರಿಸಿ ಅದನ್ನ ಸರಿ ಮಾಡುತ್ತಾರೆ. ಆದರೆ ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆ ಪ್ರತಿ ವರ್ಷ ಮೇ 25ರ ಆಸುಪಾಸಿಗೇ ಶುರು. ಮೃಗಶಿರ ಜೂನ್ 8ರ ಹತ್ತಿರ. ಅಂದ್ರೆ ಓದು ಬರಹ ಬಾರದ ರೈತ ಕೂಡ ಪೂಜೆಗೆ ಒಂದು ಲೆಕ್ಕ, ಬಿತ್ತನೆಗೆ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದ. ಬೆಳೆಗೆ ಸೂರ್ಯನ ಲೆಕ್ಕವೇ ಬೇಕು ಅಂತ ಅವನಿಗೆ ಗೊತ್ತಿತ್ತು. ಇದು ಎಂಥ ದೊಡ್ಡ ತಿಳಿವಳಿಕೆ ಅಲ್ವಾ?

ಆದರೆ ನಕ್ಷತ್ರ ಮಳೆ ತರಲ್ಲ. ಆ ಹದಿನಾಲ್ಕು ದಿನದಲ್ಲಿ ಸಾಮಾನ್ಯವಾಗಿ ಏನಾಗುತ್ತೆ ಅನ್ನೋದನ್ನ ತಲೆತಲಾಂತರದಿಂದ ನೋಡಿ ಗಾದೆ ಕಟ್ಟಿದ್ದಾರೆ. ಅದು ಸರಾಸರಿಯ ನೆನಪು. ಈ ವರ್ಷ ಏನಾಗುತ್ತೆ ಅಂತ ಅದು ಹೇಳಲ್ಲ, ಹೇಳಬೇಕು ಅಂತ ಕೇಳೋದೂ ನ್ಯಾಯ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗೋದರಿಂದ ನಕ್ಷತ್ರದ ಲೆಕ್ಕಕ್ಕೂ ನಿಜವಾದ ಋತುವಿಗೂ ಸುಮಾರು 71-72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತೆ. ಹಗಲು ಬೆಳೆಯೋಕೆ ಶುರುವಾಗೋದು ಡಿಸೆಂಬರ್ 22ಕ್ಕೆ, ಆದರೆ ನಾವು ಸಂಕ್ರಾಂತಿ ಮಾಡೋದು ಜನವರಿ 14 ಅಥವಾ 15ಕ್ಕೆ. ಎರಡೂ ಒಂದೇ ದಿನ ಬೀಳುತ್ತಿದ್ದುದು ಸಾವಿರದ ಏಳುನೂರು ವರ್ಷ ಹಿಂದೆ. ಕೋಲಾರಮ್ಮನ ಗುಡಿಯ ಚೋಳರ ಶಾಸನಗಳು ಸುಮಾರು ಸಾವಿರ ವರ್ಷ ಹಳೆಯವು. ಆ ಕಾಲದಿಂದ ಇಲ್ಲಿಯವರೆಗೆ ಲೆಕ್ಕ ಒಂದು ಪೂರ್ತಿ ನಕ್ಷತ್ರದಷ್ಟು ಜರುಗಿದೆ. ಆಗ ರೋಹಿಣಿ ಮಳೆಯಲ್ಲಿ ಕಂಡದ್ದು ಈಗ ಮೃಗಶಿರಕ್ಕಲ್ಲ, ಹಿಂದಿನ ಕೃತ್ತಿಕೆಗೆ ಹತ್ತಿರ. ಆದರೂ ಗಾದೆಗಳು ಹೊಂದುತ್ತವೆ ಅಂದ್ರೆ, ನಡುನಡುವೆ ಜನ ಕಣ್ಣಾರೆ ನೋಡಿ ಅವನ್ನ ತಿದ್ದುತ್ತಾ ಬಂದಿರಬೇಕು ಅಂತ ನನ್ನ ಊಹೆ. ಆ ನೋಡುವ ಅಭ್ಯಾಸ ನಾವು ಉಳಿಸಿಕೊಳ್ಳಬೇಕು.

ಗುಬ್ಬಿ ತಾತನ ಮೊಮ್ಮಗ:
ಸೂರ್ಯನ ಲೆಕ್ಕ, ಚಂದ್ರನ ಲೆಕ್ಕ ಅಂತ ಬಿಡಿಸಿ ಹೇಳಿದ್ದು ಚೆನ್ನಾಗಿದೆ ಮೇಷ್ಟ್ರೇ. ನಮ್ಮ ತಾತ ಮಳೆ ನಕ್ಷತ್ರದ ಜೊತೆಗೆ ಮಣ್ಣನ್ನೂ ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದರು. ಉಂಡೆ ಕಟ್ಟಿದರೆ ಮಾತ್ರ ಕೂರಿಗೆ ಹೂಡುತ್ತಿದ್ದರು.

ಶಿಡ್ಲಘಟ್ಟದ ಗೂಡು:
ರೇಷ್ಮೆಯವರ ಕಷ್ಟ ಬೇರೆ ಥರ. ನಮಗೆ ವರ್ಷಕ್ಕೆ ಒಂದು ಬೆಳೆ ಅಲ್ಲ, ಒಂದರ ಹಿಂದೆ ಒಂದು ಬರುತ್ತಾ ಇರುತ್ತೆ. ಹುಳು ಮನೆಯೊಳಗೇ ಇರುತ್ತೆ. ಆದರೂ ಹೊರಗಿನ ಕಾಲ ಬಿಡಲ್ಲ. ಹುಳುವಿಗೆ ಬೇಕಾದ್ದು 24ರಿಂದ 28 ಡಿಗ್ರಿ ಬಿಸಿ, ಒಳ್ಳೆ ತೇವ. ಏಪ್ರಿಲ್‌ನಲ್ಲಿ ಮನೆ ಕಾದರೆ ಹಾಲುರೋಗ. ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟುತ್ತೇವೆ. ಮಳೆ ಹಿಡಿದು ಚಳಿ ಕೂತರೆ ಸುಣ್ಣಕಟ್ಟು ರೋಗ. ಆಗ ಹಾಸಿಗೆ ಮೇಲೆ ಸುಣ್ಣದ ಪುಡಿ ಚೆಲ್ಲಿ ತೇವ ಎಳೆಸುತ್ತೇವೆ. ಮಳೆಗಾಲದಲ್ಲಿ ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಜಾಸ್ತಿ. ಅದು ಕರ್ನಾಟಕಕ್ಕೆ ಬಂದದ್ದೇ 1980ರಲ್ಲಿ, ಬಂಗಾಳದ ಕಡೆಯಿಂದ. ಅದಕ್ಕೇ ಈಗ ಪ್ರತಿ ಹುಳುಮನೆಗೂ ಬಲೆ.

ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚೋದು) ಎದ್ದ ಮೇಲೆ ಹುಳು ತಿನ್ನೋದನ್ನ ನೋಡಬೇಕು. ಆ ವಾರ ಮನೆಯವರಿಗೆ ನಿದ್ದೆ ಇರಲ್ಲ. ಅದೇ ವಾರ ಸೈಕ್ಲೋನ್ ಹಿಡಿದು ಸೊಪ್ಪು ನೆನೆದರೆ ಒಣಗಿಸಿ ಒಣಗಿಸಿ ಹಾಕಬೇಕು. ಹಾಗಾಗಿ ಬಂಗಾಳ ಕೊಲ್ಲಿಯ ಸುದ್ದಿ ನಮ್ಮೂರಲ್ಲಿ ಹೆಂಗಸರು ಕೂಡ ಕಿವಿಗೊಟ್ಟು ಕೇಳುತ್ತಾರೆ.

ಚಿಕ್ಕಬಳ್ಳಾಪುರ ಹೂವು:
ನಮ್ಮ ಕಡೆ ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯೋದನ್ನ ನೋಡಿದ್ದೀರಾ? ಅದು ಸೇವಂತಿಗೆ. ಮುಳಬಾಗಿಲು ಅಣ್ಣ ಅವರೆಗೆ ಹೇಳಿದ ಲೆಕ್ಕವೇ ಇದಕ್ಕೂ. ರಾತ್ರಿ ಉದ್ದ ಆದರೆ ಸೇವಂತಿಗೆ ಮೊಗ್ಗಿಗೆ ಬರುತ್ತೆ. ಚಳಿಗಾಲದಲ್ಲಿ ನಾಟಿ ಹಾಕಿದರೆ ಗಿಡ ಬೆಳೆಯೋಕೆ ಮುಂಚೆಯೇ ಮೊಗ್ಗು. ಅದಕ್ಕೆ ರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟು ಕತ್ತಲನ್ನ ತುಂಡು ಮಾಡುತ್ತೇವೆ. ಗಿಡ ಇನ್ನೂ ಹಗಲು ಉದ್ದ ಇದೆ ಅಂದುಕೊಂಡು ಎಲೆ, ಕವಲು ಬೆಳೆಸುತ್ತೆ. ಸಾಕಷ್ಟು ಎತ್ತರ ಬಂದ ಮೇಲೆ ಬಲ್ಬು ಆರಿಸಿದರೆ ಹೂವು. ಕರೆಂಟ್ ಯಾವಾಗ ಕೊಡ್ತಾರೆ ಅನ್ನೋದೇ ಇಲ್ಲಿ ಕಷ್ಟ.

ಕೋಲಾರದ ಸೊಸೆ:
ಎಲ್ಲರೂ ಬೆಳೆ ಬಗ್ಗೆ ಬರೆದಿದ್ದೀರ. ಅಡುಗೆಮನೆ ಬಗ್ಗೆ ನಾನು ಬರೀತೀನಿ.

ನನಗೆ ಕಾಲ ಗೊತ್ತಾಗ್ತಿದ್ದುದೇ ಸೊಪ್ಪಿನಿಂದ. ಮಳೆ ಬಿದ್ದ ಕೆಲವು ವಾರಕ್ಕೆ ರಾಗಿ ಹೊಲದಲ್ಲಿ ಕಳೆ ತೆಗೆಯೋ ಕೆಲಸ. ಅಲ್ಲಿ ಕಿತ್ತ ಕಳೆಯಲ್ಲೇ ಅರ್ಧ ಊಟ. ಅಣ್ಣೆ, ಕನ್ನೆ, ಗಣಿಕೆ, ಹೊನಗೊನೆ, ಎಲ್ಲ ಸೇರಿಸಿ ಬೆರಕೆ ಸೊಪ್ಪು. ಮಡಿಲು ತುಂಬಾ ತಂದು ಬಸ್ಸಾರು ಮಾಡಿದರೆ ಮುದ್ದೆಗೆ ಬೇರೇನೂ ಬೇಡ. ಆ ಹೊತ್ತಿಗೆ ಮನೆಯಲ್ಲಿ ಕಾಳು ಕಮ್ಮಿಯಾಗಿರುತ್ತೆ, ಕೈಯಲ್ಲಿ ದುಡ್ಡೂ ಇರಲ್ಲ. ಸರಿಯಾಗಿ ಆಗಲೇ ಹೊಲ ಸೊಪ್ಪು ಕೊಡುತ್ತಿತ್ತು.

ಈಗ ಕಳೆಗೆ ಔಷಧಿ ಹೊಡೀತಾರೆ. ಕೂಲಿ ಸಿಗಲ್ಲ, ಅವರನ್ನ ಬೈಯೋಕೆ ಆಗಲ್ಲ. ಆದರೆ ಔಷಧಿ ಜೊತೆಗೆ ಆ ಸೊಪ್ಪೂ ಹೋಯ್ತು, ಹೆಂಗಸರಿಗೆ ಆ ತಿಂಗಳ ಕೂಲಿಯೂ ಹೋಯ್ತು. ಎರಡು ಮೂರು ಸೊಪ್ಪಿನ ಹೆಸರು ನನ್ನ ಮಗಳಿಗೆ ಗೊತ್ತೇ ಇಲ್ಲ. ಇದು ನನಗೆ ತುಂಬಾ ನೋವು ಕೊಡೋ ವಿಷಯ.

ಉಳಿದಂತೆ ಪುಷ್ಯದಲ್ಲಿ ಹಿದಕಿದ ಬೇಳೆ ಸಾರು, ಶಿವರಾತ್ರಿ ಆದಮೇಲೆ ಹುಣಸೆಹಣ್ಣು ಬಡಿದು ಬೀಜ ತೆಗೆಯೋದು, ಏಪ್ರಿಲ್ ಬಿಸಿಲಿಗೆ ಸಂಡಿಗೆ, ಹಪ್ಪಳ. ಹುಣಸೆ ಬಡಿಯೋದು ಕೂಡ ಹೆಂಗಸರ ಕೂಲಿಯೇ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಮನೆ ನಡೆಸೋದು ಅದು.

ಶಿರಾ ಸೀಮೆ:
ಅಕ್ಕ, ನೀವು ಹುಣಸೆ ಅಂದ ತಕ್ಷಣ ಕಗ್ಗಲಡು ನೆನಪಾಯ್ತು. ಶಿರಾ ಹತ್ತಿರದ ಊರು. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮನೆ ಅಂಗಳದ ಮೇಲೇ ಹಿಕ್ಕೆ ಬೀಳುತ್ತೆ, ವಾಸನೆ ಇರುತ್ತೆ. ಆದರೂ ಊರಿನವರು ಅವನ್ನ ಓಡಿಸಲ್ಲ, ಬೇರೆಯವರಿಗೂ ಮುಟ್ಟೋಕೆ ಬಿಡಲ್ಲ. ಆ ಜನರ ಬಗ್ಗೆ ನನಗೆ ಬಹಳ ಗೌರವ.

ಕೊಕ್ಕರೆಗೂ ಕಾಲದ ಲೆಕ್ಕ ಇದೆ. ಹಿಂಗಾರು ಮುಗಿದು ಕೆರೆಗಳು ಇಳಿಯೋಕೆ ಶುರುವಾದಾಗ ಮೀನು ಕಡಿಮೆ ನೀರಿನಲ್ಲಿ ಗುಂಪಾಗುತ್ತೆ. ಮೊಣಕಾಲುದ್ದ ನೀರಲ್ಲಿ ನಡೆದು ಕೊಕ್ಕು ಅದ್ದಿ ಹಿಡಿಯೋ ಹಕ್ಕಿ ಅದು. ಮರಿ ಹೊಟ್ಟೆ ಜಾಸ್ತಿ ಕೇಳೋ ಹೊತ್ತಿಗೆ ಮೀನು ಸುಲಭವಾಗಿ ಸಿಗಬೇಕು. ಕೆರೆ ತುಂಬಿ ತುಳುಕಿದರೂ ಅದಕ್ಕೆ ಕಷ್ಟ, ಪೂರ್ತಿ ಒಣಗಿದರೂ ಕಷ್ಟ. ಇಳಿಯುತ್ತಿರೋ ಕೆರೆ ಬೇಕು.

ಚಿಂತಾಮಣಿಯವ, ಈಗ ಬೆಂಗಳೂರು:
ಹಾಗಾದ್ರೆ ಬೆಂಗಳೂರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬಂದಮೇಲೆ ಕೋಲಾರದ ಕೆರೆಗಳ ಕಥೆ ಏನು? ಈಗ ಬೇಸಿಗೆಯಲ್ಲೂ ತುಂಬಿರ್ತವಲ್ಲ. ಅದು ಒಳ್ಳೇದೇ ತಾನೆ?

ಮುಳಬಾಗಿಲು ರೈತ:
ಒಳ್ಳೇದು ಅಂತಲೇ ನಾನು ಹೇಳ್ತೇನೆ, ಆದರೆ ಪೂರ್ತಿ ಅಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ಜನ ಎಷ್ಟು ಸಂಭ್ರಮ ಪಟ್ಟರು! ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿ ನೀರು ಕಾಣದವರು ನಾವು. ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಅದು ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿದ ನೀರು. ಮೂರನೇ ಹಂತವೂ ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದು.

ಆದರೆ ಕೆರೆಗೆ ಬೇಸಿಗೆ ಅಂತ ಒಂದು ಕಾಲ ಇತ್ತು. ನೀರು ಇಳಿದಮೇಲೆ ಗೋಡು (ಕೆರೆಯ ಹೂಳುಮಣ್ಣು) ತೆಗೆದು ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದೆವು. ಕೆರೆ ಆಳ ಆಗುತ್ತಿತ್ತು, ಹೊಲಕ್ಕೆ ಗೊಬ್ಬರ ಆಗುತ್ತಿತ್ತು. ಕೆರೆ ಅಂಗಳದಲ್ಲಿ ದನ ಮೇಯುತ್ತಿದ್ದವು. ನೀರುಗಂಟಿ ತೂಬು ಎತ್ತಿ ಪಾಲು ಹಂಚುತ್ತಿದ್ದ. ಈಗ ವರ್ಷವಿಡೀ ನೀರು ನಿಂತ ಕೆರೆಯಲ್ಲಿ ಇವ್ಯಾವುದಕ್ಕೂ ಹೊತ್ತಿಲ್ಲ. ಕೆಲವು ಕೆರೆಯನ್ನಾದರೂ ಸರದಿ ಮೇಲೆ ಬೇಸಿಗೆಯಲ್ಲಿ ಇಳಿಯೋಕೆ ಬಿಟ್ಟರೆ ಹೇಗೆ? ಹೂಳೂ ತೆಗೆಯಬಹುದು, ಶಿರಾದವರು ಹೇಳಿದ ಹಕ್ಕಿಗೂ ಹೊಟ್ಟೆ ತುಂಬುತ್ತೆ. ಗ್ರಾಮಸಭೆಯಲ್ಲಿ ಇದನ್ನ ಎತ್ತಬೇಕು ಅಂತಿದ್ದೇನೆ.

ಶ್ರೀನಿವಾಸಪುರ ತೋಪು:
ಎತ್ತಿ ಅಣ್ಣ. ನಮ್ಮ ಕಡೆಯವರೂ ಜೊತೆಗೆ ನಿಲ್ತೀವಿ. ಅಂದಹಾಗೆ ಆವಣಿ ಜಾತ್ರೆ, ಸಿದ್ಧಗಂಗೆ ಜಾತ್ರೆ ಎರಡೂ ಶಿವರಾತ್ರಿ ಆಸುಪಾಸಿಗೆ ಯಾಕೆ ಬರುತ್ತೆ ಅಂತ ಯೋಚನೆ ಮಾಡಿದ್ದೀರಾ? ಒಕ್ಕಣೆ ಮುಗಿದಿರುತ್ತೆ, ಕೈಯಲ್ಲಿ ದುಡ್ಡಿರುತ್ತೆ, ಉಳುಮೆಗೆ ಇನ್ನೂ ಹೊತ್ತಿರುತ್ತೆ. ದನ ಕೊಳ್ಳೋಕೆ, ಮಾರೋಕೆ ಅದಕ್ಕಿಂತ ಒಳ್ಳೆ ಹೊತ್ತು ಯಾವುದು? ಹಬ್ಬ ಚಂದ್ರನದೇ ಆದರೂ ಬಿದ್ದಿರೋದು ಬೇಸಾಯದ ಬಿಡುವಿಗೆ.

ಹೊಸಬ, ಮಾಲೂರು:
ನಾನು ಕೆಲಸ ಬಿಟ್ಟು ಊರಿಗೆ ಬಂದು ಬೇಸಾಯ ಶುರು ಮಾಡಿದ್ದೇನೆ. ಎಲ್ಲ ಓದಿದೆ. ನನ್ನ ಪ್ರಶ್ನೆ ಇಷ್ಟೇ. ಜುಲೈ ಮುಗಿದರೂ ಹದ ಮಳೆ ಬರಲಿಲ್ಲ ಅಂದ್ರೆ ಏನು ಮಾಡಲಿ? ರಾಗಿ ಬಿಟ್ಟುಬಿಡಲಾ?

ಮುಳಬಾಗಿಲು ರೈತ:
ಬಿಡಬೇಡಿ. ಜುಲೈ ಮೊದಲಲ್ಲೇ ಹದ ಸಿಕ್ಕರೆ ಎಂಆರ್-1 ಥರದ ಉದ್ದ ಅವಧಿಯ ತಳಿ ಹಾಕಿ. ಆಗಸ್ಟ್ ಮೊದಲ ವಾರಗಳಾದರೆ ಜಿಪಿಯು-28, ಎಂಎಲ್-365 ಸರಿ. ಅದೂ ದಾಟಿತು ಅಂದ್ರೆ ಜಿಪಿಯು-48 ಥರದ ಬೇಗ ಬರೋ ತಳಿ. ಇನ್ನೊಂದು ದಾರಿ ನಾಟಿ. ಕೊಳವೆಬಾವಿಯಲ್ಲಿ ಸ್ವಲ್ಪ ನೀರಿದ್ದರೆ ಒಂದು ಮೂಲೆಯಲ್ಲಿ ಪೈರು ಬಿಟ್ಟುಕೊಳ್ಳಿ. ಮೂರು ವಾರದ ಪೈರು ಸಿದ್ಧ ಇದ್ದರೆ ಮಳೆ ಬಿದ್ದ ಮಾರನೇ ದಿನ ಹೊಲಕ್ಕೆ ನೆಡಬಹುದು. ಅಷ್ಟು ದಿನ ಉಳೀತು ನೋಡಿ.

ಅಕ್ಕಡಿಗೆ ಆಗ ನಾಟಿ ಅವರೆ ಹಾಕೋದಾದರೆ ಬೀಜ ಸ್ವಲ್ಪ ಒತ್ತಾಗಿ ಹಾಕಿ. ಬಳ್ಳಿ ಹೇಗೂ ಚಿಕ್ಕದೇ ಇರುತ್ತೆ, ಸಾಲಿಗೆ ನಾಲ್ಕು ಗಿಡ ಜಾಸ್ತಿ ಇದ್ದರೆ ಕಾಯಿ ಅಲ್ಪಸ್ವಲ್ಪ ಸರಿಹೋಗುತ್ತೆ. ಬೀಜ ಬೇಕಾದರೆ ನನ್ನ ಹತ್ತಿರ ಇದೆ, ಯುಗಾದಿ ಕಳೆದ ಮೇಲೆ ಕೇಳಿ.

ಕೋಲಾರದ ಸೊಸೆ:
ಮಾಲೂರಿನವರೇ, ಹೊಲದ ಒಂದು ಅಂಚಿಗಾದರೂ ಔಷಧಿ ಹೊಡೀಬೇಡಿ. ಅಣ್ಣೆ ಸೊಪ್ಪು ತಾನಾಗಿ ಬರುತ್ತೆ.